ಹೆಜ್ಜೆ ಮೂಡದ ರಂಗೋಲಿ

ದೆವ್ವ, ಪವಾಡ, ಶಕುನ ಇಂಥ ಮಾತು ಶುರುವಾದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಯಾರಾದರೂ ‘ನಮ್ಮತ್ತೆ ಕಣ್ಣಾರೆ ಕಂಡಿದ್ದಾರೆ’ ಎಂದರೆ, ‘ಆಗ ಅವರಿಗೆ ಜ್ವರ ಇತ್ತಾ?’ ಎಂದು ಕೇಳುವ ಕೆಟ್ಟ ಚಾಳಿಯೂ ನನಗಿತ್ತು. ಓದಿದ್ದು ಎಂಜಿನಿಯರಿಂಗ್. ಯಾವುದಕ್ಕೂ ಒಂದು ಕಾರಣ ಇರುತ್ತದೆ, ಸಿಗದಿದ್ದರೆ ಹುಡುಕಿದ್ದು ಸಾಲದು ಅಂತಲೇ ಅರ್ಥ ಎಂದು ನಂಬಿದವಳು. ಈಗಲೂ ಬಹುಮಟ್ಟಿಗೆ ಹಾಗೇ ನಂಬುತ್ತೇನೆ. ಆದರೆ ಈ ಒಂದು ಸಂಗತಿಯ ಕಾರಣವನ್ನು ನಾನು ವರ್ಷಗಟ್ಟಲೆ ಹುಡುಕಿದ್ದೇನೆ, ಸಿಕ್ಕಿಲ್ಲ.

ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ದೀಪಾವಳಿಗೆ ಮುಂಚಿನ ಒಂದು ಶನಿವಾರ, ಹಾಡಹಗಲಿನಲ್ಲಿ, ಸ್ಯಾನ್ ಡಿಯಾಗೋದ ಒಂದು ಮನೆಯ ಗ್ಯಾರೇಜಿನೊಳಗೆ ಗಿರಿಜಕ್ಕನೂ ನಾನೂ ಸಾಯಬೇಕಾಗಿತ್ತು. ಸಾಯಲಿಲ್ಲ. ಸಾವನ್ನು ಒಳಗೆ ಕರೆದದ್ದು ಯಾರು ಎಂಬುದು ನನಗೆ ಗೊತ್ತು, ಅದು ನಾನೇ. ನಮ್ಮನ್ನು ಹೊರಗೆ ತಂದದ್ದು ಯಾರು ಎಂಬುದು ಗೊತ್ತಿಲ್ಲ.

ಇದಕ್ಕೆಲ್ಲ ಮೂಲ ಒಂದು ಚಿತ್ರ. 2008ರಲ್ಲಿ ನಾನು ಲಾಸ್ ಏಂಜಲಿಸ್‌ನ ನಾರ್ತ್‌ರಿಜ್‌ನಲ್ಲಿ ಎಂ.ಎಸ್. ಓದುತ್ತಿದ್ದಾಗ ನಾಲ್ವರು ಹುಡುಗಿಯರು ಸೇರಿ ಒಂದು ಅಪಾರ್ಟ್‌ಮೆಂಟ್ ಹಿಡಿದಿದ್ದೆವು. ಹಿಂದೆ ಇದ್ದವರು ಒಂದು ಮುರುಕು ಸೋಫಾ, ಒಂದು ಅಕ್ಕಿ ಕುಕ್ಕರ್ ಮತ್ತು ಗೋಡೆಯ ಮೇಲೆ ಒಂದು ಉದ್ದನೆಯ ಚಿತ್ರ ಬಿಟ್ಟುಹೋಗಿದ್ದರು. ಐನೂರು ವರ್ಷಕ್ಕೂ ಹಿಂದೆ ಇಟಲಿಯ ಚಿತ್ರಕಾರನೊಬ್ಬ ಮರದ ಹಲಗೆಯ ಮೇಲೆ ಬರೆದದ್ದರ ಮುದ್ರಿತ ಪ್ರತಿ ಅದು. ಹುಲ್ಲಿನ ಮೇಲೆ ಇಬ್ಬರು ಎದುರುಬದುರಾಗಿ ಒರಗಿದ್ದಾರೆ. ಎಡಗಡೆ ಪ್ರೇಮದೇವತೆ, ಚಿನ್ನದ ಅಂಚಿನ ಬಿಳಿ ನಿಲುವಂಗಿ ತೊಟ್ಟು ಎಚ್ಚರವಾಗಿದ್ದಾಳೆ. ಬಲಗಡೆ ಯುದ್ಧದ ದೇವರು, ಸೊಂಟದ ಮೇಲೊಂದು ತುಂಡು ಬಟ್ಟೆ ಬಿಟ್ಟರೆ ಬರಿಮೈ, ಬಾಯಿ ಅರ್ಧ ತೆರೆದು ಗಾಢ ನಿದ್ದೆಯಲ್ಲಿದ್ದಾನೆ. ಆಡಿನ ಕಾಲು, ಸಣ್ಣ ಕೊಂಬು ಇರುವ ನಾಲ್ಕು ಮರಿಗಳು ಅವನ ಶಿರಸ್ತ್ರಾಣ, ಈಟಿ, ಎದೆಕವಚ ಎಲ್ಲವನ್ನೂ ಆಟದ ಸಾಮಾನು ಮಾಡಿಕೊಂಡಿವೆ. ಒಂದು ಮರಿಯಂತೂ ಅವನ ಕಿವಿಗೇ ಶಂಖ ಹಿಡಿದು ಊದುತ್ತಿದೆ. ಅವನ ತಲೆಯ ಪಕ್ಕದ ಮರದಲ್ಲಿ ಕಡಜಗಳು ಗುಂಯ್‌ಗುಡುತ್ತಿವೆ. ಅವನು ಏಳುವುದಿಲ್ಲ.

ಮೊದಮೊದಲು ಆ ಚಿತ್ರ ನಮಗೆ ತಮಾಷೆಯಾಗಿತ್ತು. ಭಾನುವಾರ ಮನೆಯವರ ಜೊತೆ ವಿಡಿಯೋ ಕಾಲ್ ಮಾಡುವ ಮೊದಲು ಯುದ್ಧದೇವರ ಮೇಲೆ ಯಾರದಾದರೂ ದುಪಟ್ಟಾ ಹೊದಿಸುವುದು ನಮ್ಮ ಪದ್ಧತಿ. ಆದರೆ ದಿನವೂ ಊಟಕ್ಕೆ ಕೂತಾಗ ಎದುರಿಗೇ ಇದ್ದದ್ದು ಮೆಲ್ಲಗೆ ನನ್ನೊಳಗೆ ಇಳಿಯಿತು. ಲೋಕವನ್ನು ನಡುಗಿಸುವವನ ಬೆರಳುಗಳು ಎಷ್ಟು ಸಡಿಲವಾಗಿವೆ, ಪಾದ ಎಷ್ಟು ಎಳಸಾಗಿದೆ ಎಂದು ನೋಡುತ್ತ ಕೂರುತ್ತಿದ್ದೆ. ದೇವತೆ ಅವನನ್ನು ಮುಟ್ಟಿಲ್ಲ, ಆಯುಧ ಹಿಡಿದಿಲ್ಲ, ಗೆದ್ದ ಜಂಬವೂ ಮುಖದಲ್ಲಿಲ್ಲ. ಅವಳು ಬರೀ ಎಚ್ಚರವಾಗಿದ್ದಾಳೆ. ಪ್ರೀತಿಯು ಯುದ್ಧವನ್ನು ಗೆಲ್ಲುವ ಬಗೆ ಇದೇ ಇರಬಹುದು ಎಂದು ನನಗೆ ಅನಿಸಿತ್ತು. ಕೆಲಸ ಸಿಕ್ಕಿ ಅದೇ ಕಡೆಯ ಟೊರೆನ್ಸ್‌ಗೆ ಬಂದಾಗ, ಮದುವೆಯಾದ ಮೇಲೆ ಮನೆ ಬದಲಿಸಿದಾಗ, ಆ ಚಿತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದೆ.

ಗಿರಿಜಕ್ಕ ನಮಗೆ ಪರಿಚಯವಾದದ್ದು ಒಂದು ಯುಗಾದಿ ಊಟದಲ್ಲಿ. ಧಾರವಾಡದವರು, ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ಮನೆ. ಅವರ ಯಜಮಾನರು ಟೆಲಿಕಾಂ ಎಂಜಿನಿಯರು. ಅಕ್ಕನ ಗಂಡನೆಂದು ನಾನು ಅವರನ್ನು ಭಾವ ಎನ್ನುತ್ತೇನೆ. ಮಗಳು ಅನನ್ಯಾಗೆ ಆಗ ಹದಿನಾಲ್ಕು. ಪ್ರತಿ ದೀಪಾವಳಿಗೆ ಅಕ್ಕ ಗ್ಯಾರೇಜಿನಿಂದ ಎರಡು ಕಾರುಗಳನ್ನೂ ಹೊರಗೆ ಹಾಕಿ, ನೆಲದ ಉದ್ದಗಲಕ್ಕೂ ರಂಗೋಲಿಯ ಪುಡಿಯಲ್ಲಿ ಒಂದು ಚಿತ್ರ ಬರೆಯುತ್ತಿದ್ದರು. ಚುಕ್ಕಿ ಎಳೆಯ ರಂಗೋಲಿಯಲ್ಲ, ನೆರಳು ಬೆಳಕು ಎಲ್ಲ ಇರುವ ನಿಜವಾದ ಚಿತ್ರ. ಹಬ್ಬದ ವಾರವಿಡೀ ಆ ಮನೆ ಬಾಗಿಲು ತೆರೆದೇ ಇರುತ್ತಿತ್ತು. ಎರಡು ಗಂಟೆ ದೂರದ ಲಾಸ್ ಏಂಜಲಿಸ್‌ನಿಂದಲೂ ಜನ ಬಂದು ನೋಡಿ, ಒಂದು ತಟ್ಟೆ ಅವಲಕ್ಕಿ ತಿಂದು ಹೋಗುತ್ತಿದ್ದರು.

ಈ ಸಂಗತಿ ನಡೆದ ವರ್ಷ ಅಕ್ಕ ನಮ್ಮ ಮನೆಗೆ ಬಂದಿದ್ದಾಗ ಗೋಡೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

‘ಯಾರವಾ ಇವರು?’

‘ಆಕೆ ಶುಕ್ರ, ಅವನು ಮಂಗಳ. ರೋಮನ್ನರ ದೇವರು ಅಕ್ಕ.’

‘ಶುಕ್ರ ಹೆಣ್ಣಾ? ನಮ್ಮಲ್ಲಿ ಶುಕ್ರಾಚಾರ್ಯರಿಗೆ ಗಡ್ಡ ಅದ.’ ಮತ್ತೆ ನೋಡಿದರು. ‘ಕಿವ್ಯಾಗ ಶಂಖ ಊದಿದ್ರೂ ಏಳವಲ್ಲ ನೋಡು ಇವ. ಥೇಟ್ ನಿಮ್ಮ ಭಾವನ ಹಂಗ. ಈ ಸಲ ಇದನ್ನ ಬರೀತೀನಿ.’

ಹೀಗೆ ಅದು ನಿಶ್ಚಯವಾಯಿತು. ನಾನು ಚೌಕಳಿ ಎಳೆದು ಚಿತ್ರವನ್ನು ದೊಡ್ಡದು ಮಾಡಿಕೊಡುವುದು, ಬಣ್ಣ ಬೆರೆಸುವುದು ಎಂದಾಯಿತು. ಹದಿನಾಲ್ಕು ಅಡಿ ಉದ್ದ, ಐದೂವರೆ ಅಡಿ ಅಗಲ. ಗುರುವಾರ ರಜೆ ಹಾಕಿ ಮೀರಾ ಮೆಸಾಗೆ ಡ್ರೈವ್ ಮಾಡಿಕೊಂಡು ಹೋದೆ.

ಅಕ್ಕ ಕೆಲಸ ಮಾಡುವುದನ್ನು ನೀವು ನೋಡಬೇಕು. ಮೈಬಣ್ಣಕ್ಕೆ ಅರಿಶಿನ, ಕುಂಕುಮ, ಬಿಳಿ ಪುಡಿ ಬೆರೆಸಿ ಒಂಬತ್ತು ಬಟ್ಟಲು ಮಾಡಿಕೊಂಡಿದ್ದರು, ಒಂದರಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟೇ ವ್ಯತ್ಯಾಸ. ದೇವತೆಯ ನಿಲುವಂಗಿ ತೆಳುವಾದದ್ದು, ಒಳಗಿನ ಮೈ ತುಸು ಕಾಣಬೇಕು. ಅದನ್ನು ಪುಡಿಯಲ್ಲಿ ಹೇಗೆ ಮಾಡುತ್ತಾರೋ ಎಂದು ನಾನು ಕಾಯುತ್ತಿದ್ದೆ. ಅಕ್ಕ ಮೊದಲು ಕಾಲನ್ನು ಪೂರ್ತಿ ಬರೆದರು. ಆಮೇಲೆ ಅಡುಗೆಮನೆಯಿಂದ ಚಹಾ ಸೋಸುವ ಜಾಲರಿ ತಂದು, ಅದಕ್ಕೆ ಬಿಳಿ ಪುಡಿ ಹಾಕಿ, ಒಂದೇ ಬೆರಳಿನಿಂದ ಅದರ ಅಂಚನ್ನು ತಟ್ಟುತ್ತ ಹೋದರು. ಬೂದಿಗಿಂತ ತೆಳ್ಳಗೆ ಬಿದ್ದ ಆ ಪುಡಿ ನಮ್ಮ ಕಣ್ಣೆದುರಿಗೇ ಬಟ್ಟೆಯಾಯಿತು. ಶಾಲೆಯಿಂದ ಬಂದ ಅನನ್ಯಾ ಬಾಗಿಲಲ್ಲಿ ನಿಂತು, ‘ಅಮ್ಮಾ, ದಿಸ್ ಇಸ್ ಇನ್‌ಸೇನ್,’ ಎಂದಳು. ಮತ್ತೆ ಬಲಗಡೆ ನೋಡಿ, ‘ಬಟ್ ಹಿ ಇಸ್ ಬೇಸಿಕಲಿ ನೇಕೆಡ್. ಆಲ್ ದಿ ಆಂಟೀಸ್ ಆರ್ ಕಮಿಂಗ್.’

‘ಆಂಟೀಗೋಳು ಅವನ್ನ ನೋಡಿ ಸುಮ್ನಾಗ್ತಾರ. ನೀ ಹೋಗಿ ಊಟಾ ಮಾಡು,’ ಎಂದರು ಅಕ್ಕ, ತಲೆ ಎತ್ತದೆ.

ಈಗ ಆ ಗ್ಯಾರೇಜು ಹೇಗಿತ್ತು ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರಸ್ತೆಯ ಕಡೆಗೆ ಮೇಲೆತ್ತುವ ದೊಡ್ಡ ಬಾಗಿಲು. ಅದರ ಹತ್ತಿರವೇ ಬಲಗೋಡೆಯಲ್ಲಿ ಮನೆಯೊಳಗೆ ಹೋಗುವ ಸಣ್ಣ ಬಾಗಿಲು, ಅದರ ಪಕ್ಕದಲ್ಲಿ ದೊಡ್ಡ ಬಾಗಿಲಿನ ಸ್ವಿಚ್ಚು. ಎದುರು ತುದಿಯ ಹಿಂಗೋಡೆಗೆ ಬಟ್ಟೆ ಒಗೆಯುವ ಮಷೀನು, ಗ್ಯಾಸಿನ ಡ್ರೈಯರ್, ಗ್ಯಾಸಿನ ವಾಟರ್ ಹೀಟರ್. ಬಾಗಿಲುಗಳಿಗೂ ಹಿಂಗೋಡೆಗೂ ನಡುವಿನ ನೆಲದಲ್ಲಿ ಅಡ್ಡಲಾಗಿ ರಂಗೋಲಿ. ಅದರ ಎರಡು ಪಕ್ಕದಲ್ಲೂ ಗೋಡೆಯವರೆಗೆ ಹಬ್ಬದ ಹಣತೆ, ಗಾಜಿನ ಬಟ್ಟಲು, ಹಳೆಯ ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಒಟ್ಟಿ, ಮೇಲೆ ಹಣತೆಗಳ ಒಂದು ಸಾಲು ಇಟ್ಟಿದ್ದೆವು. ಆದ್ದರಿಂದ ಹಿಂಗೋಡೆಯ ಕಡೆಯಿಂದ ಬಾಗಿಲಿನ ಕಡೆಗೆ ಬರಬೇಕಾದರೆ ರಂಗೋಲಿಯನ್ನು ದಾಟಿಯೇ ಬರಬೇಕು. ಅದಕ್ಕೊಂದು ಉದ್ದನೆಯ ಹಲಗೆ ಇಟ್ಟುಕೊಂಡಿದ್ದೆವು. ಈಚೆಗೊಂದು ಆಚೆಗೊಂದು ಬಕೆಟ್ ಬೋರಲು ಹಾಕಿ, ಮೇಲೆ ಹಲಗೆ ಇಟ್ಟು, ಸೇತುವೆಯ ಹಾಗೆ ನಡೆದು ದಾಟುವುದು. ಬರಿಗಾಲಿನಲ್ಲೇ. ರಂಗೋಲಿಯ ಹತ್ತಿರ ಅಕ್ಕ ಯಾರಿಗೂ ಚಪ್ಪಲಿ ಹಾಕಲು ಬಿಡುತ್ತಿರಲಿಲ್ಲ.

ಶುಕ್ರವಾರ ರಾತ್ರಿಯಿಂದ ಮರುಭೂಮಿಯ ಕಡೆಯ ಬಿಸಿಗಾಳಿ ಎದ್ದಿತು. ಇಲ್ಲಿ ಅದಕ್ಕೆ ಸಾಂಟಾ ಆನಾ ಗಾಳಿ ಎನ್ನುತ್ತಾರೆ, ದೀಪಾವಳಿಯ ಹೊತ್ತಿಗೆ ತಪ್ಪದೆ ಬರುತ್ತದೆ. ಶನಿವಾರ ಬೆಳಿಗ್ಗೆ ನೋಡಿದರೆ ದೇವತೆಯ ಕೂದಲಿನ ಒಂದು ಸುರುಳಿ ಅಳಿಸಿತ್ತು. ಗೋಡೆಯ ಬುಡದಲ್ಲಿ ಇಟ್ಟಿಗೆಯಗಲದ ಜಾಲರಿ ಕಿಂಡಿಗಳಿದ್ದವು, ಗಾಳಿ ಅಲ್ಲಿಂದ ನುಗ್ಗುತ್ತಿತ್ತು. ನಾನು ಜಾಹೀರಾತಿನ ಕಾಗದಗಳನ್ನು ಮಡಿಸಿ, ಅಗಲವಾದ ಟೇಪು ಹಚ್ಚಿ ಆ ಕಿಂಡಿಗಳನ್ನೆಲ್ಲ ಮುಚ್ಚಿದೆ. ದೊಡ್ಡ ಬಾಗಿಲಿನ ಕೆಳಗಿನ ಸಂದಿಗೆ, ಮನೆಯ ಬಾಗಿಲಿನ ಸಂದಿಗೆ ಹಳೆಯ ಟವೆಲು ತುರುಕಿದೆ. ಕೈ ಹಿಡಿದು ಪರೀಕ್ಷಿಸಿದೆ, ಒಂದು ಎಳೆ ಗಾಳಿಯೂ ಬರುತ್ತಿರಲಿಲ್ಲ. ಅಕ್ಕ ಸಂತೋಷಪಟ್ಟರು. ‘ಎಂಜಿನಿಯರ್ ಅಂದ್ರ ಹಿಂಗಿರಬೇಕು,’ ಎಂದರು.

ಟೊರೆನ್ಸ್‌ನಲ್ಲಿ ನನ್ನ ಕೆಲಸವೇನೆಂದರೆ, ವಿಮಾನದೊಳಗೆ ಪ್ರಯಾಣಿಕರಿಗೆ ಗಾಳಿ ತಲುಪಿಸುವ ಕೊಳವೆಗಳ ವಿನ್ಯಾಸ. ಒಳಗಿನ ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು ಎಂಬುದು ಆ ಕೆಲಸದ ಮೊದಲ ಪಾಠ. ಆ ಕಿಂಡಿಗಳನ್ನು ಅಲ್ಲಿ ಯಾಕೆ ಇಟ್ಟಿದ್ದಾರೆ ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನನಗೆ ಕಂಡದ್ದು ಆ ಅಳಿಸಿದ ಕೂದಲಿನ ಸುರುಳಿ ಮಾತ್ರ. ಇವತ್ತಿಗೂ ನಿದ್ದೆ ಬಾರದಾಗ ನನಗೆ ನೆನಪಾಗುವುದು ಆ ಟೇಪು ಹರಿಯುವ ಸದ್ದು.

ಭಾವ ಅನನ್ಯಾಳನ್ನು ಕರೆದುಕೊಂಡು ಲಾಸ್ ಏಂಜಲಿಸ್‌ನಲ್ಲಿದ್ದ ಅವಳ ಟೆನಿಸ್ ಪಂದ್ಯಕ್ಕೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಹಬ್ಬಕ್ಕೆ ನೆಂಟರು ಬರುವವರಿದ್ದರಿಂದ ಹಾಸಿಗೆ ಬಟ್ಟೆಗಳೆಲ್ಲ ಒಗೆಯಬೇಕಿತ್ತು. ಬೆಳಗಿನಿಂದ ಮಷೀನು, ಡ್ರೈಯರ್ ಒಂದೇ ಸಮನೆ ತಿರುಗುತ್ತಿದ್ದವು. ಮಧ್ಯಾಹ್ನ ಅಲ್ಲೇ ಹಿಂಗೋಡೆಯ ಬಳಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ನೋಡುವವರು ಬಾಗಿಲ ಕಡೆ ನಿಲ್ಲುವುದರಿಂದ ಚಿತ್ರದ ಬುಡ ಆ ಕಡೆಗಿತ್ತು, ತಲೆಗಳೆಲ್ಲ ನಮ್ಮ ಕಡೆಗೆ. ಯಾವ ಚಿತ್ರವಾದರೂ ಅಕ್ಕ ಕಣ್ಣುಗಳನ್ನು ಕೊನೆಗೇ ಬರೆಯುವುದು. ಯುದ್ಧದೇವರ ಕಣ್ಣು ಮುಚ್ಚಿದ್ದರಿಂದ ಅಲ್ಲಿ ರೆಪ್ಪೆಯ ಗೆರೆಯಷ್ಟೇ. ದೇವತೆಯ ಕಣ್ಣುಗಳಿಗೆ ಅರ್ಧ ಗಂಟೆ ತೆಗೆದುಕೊಂಡರು. ಮುಗಿಸಿ ಕೈ ಮುಗಿದರು. ನಾನು ಕೊನೆಯ ಸಲ ಆಚೆ ಹೋಗಿ ನೋಡಿ, ಹಿಂತಿರುಗಿ, ಹಲಗೆಯನ್ನೂ ಬಕೆಟ್ಟುಗಳನ್ನೂ ಎತ್ತಿ ನಮ್ಮ ಪಕ್ಕದ ಹಿಂಗೋಡೆಗೆ ಒರಗಿಸಿದೆ, ಚಿತ್ರ ಇಡಿಯಾಗಿ ಕಾಣಲಿ ಎಂದು. ಎಷ್ಟು ಚೆನ್ನಾಗಿತ್ತು ಎಂದು ಹೇಳಲು ನನಗೆ ಬಾರದು. ತಲೆಕೆಳಗಾಗಿ ಕಂಡರೂ ಆ ಮುಖದ ಶಾಂತಿ ಕೆಟ್ಟಿರಲಿಲ್ಲ.

‘ತಲಿ ಜಡ ಆಗೇದ. ಬೆಳಿಗ್ಗಿಂದ ಬಗ್ಗಿ ಬಗ್ಗಿ,’ ಎಂದರು ಅಕ್ಕ. ‘ಈ ಒಂದು ಮಷೀನ್ ಬಟ್ಟಿ ಒಣಗಲಿ, ಮಡಚಿಕೊಂಡ ಒಳಗ ಹೋಗೂಣು. ಅಲ್ಲೀತನಕ ಸ್ವಲ್ಪ ಅಡ್ಡ ಆಗ್ತೀನಿ.’

ಜಮಖಾನೆಯ ಮೇಲೆ ಮಲಗಿದ ಕೂಡಲೇ ಅವರಿಗೆ ನಿದ್ದೆ ಹತ್ತಿತು. ನನಗೂ ತಲೆ ನೋಯುತ್ತಿತ್ತು. ಮಷೀನಿಗೆ ಒರಗಿ ಕೂತೆ. ಡ್ರೈಯರಿನ ಬೆಚ್ಚಗಿನ ಸದ್ದು ಹಿತವಾಗಿತ್ತು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಭಯವಾಗಲಿ ಉಸಿರು ಕಟ್ಟಿದಂತಾಗಲಿ ಏನೂ ಇರಲಿಲ್ಲ, ಬಹಳ ಹಿತವಾಗಿತ್ತು. ಅಕ್ಕನ ಬಾಯಿ ಅರ್ಧ ತೆರೆದಿತ್ತು, ಬೆರಳುಗಳು ಸಡಿಲವಾಗಿದ್ದವು. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ಚಿತ್ರದ ಕಡೆ ತಿರುಗಿದೆ. ದೇವತೆ ಮೂಲದಲ್ಲಿ ಯಾರನ್ನೂ ನೇರವಾಗಿ ನೋಡುವುದಿಲ್ಲ, ಅವಳ ದೃಷ್ಟಿ ಅವನನ್ನು ದಾಟಿ ಎಲ್ಲೋ ಇರುತ್ತದೆ. ಈಗ ಅದು ನನ್ನನ್ನು ಮುಟ್ಟಿದಂತೆ ಅನಿಸಿತು. ಅಷ್ಟೇ. ಆಮೇಲೆ ನನಗೆ ಏನೂ ನೆನಪಿಲ್ಲ. ಒಂದು ಸದ್ದಿಲ್ಲ, ಒಂದು ಕನಸಿಲ್ಲ.

ಮುಂದಿನ ನೆನಪು ಹುಲ್ಲು. ಮುಖಕ್ಕೆ ಬಡಿಯುತ್ತಿದ್ದ ಬಿಸಿಗಾಳಿ, ಯಾರದೋ ರಬ್ಬರ್ ಚಪ್ಪಲಿ. ಪಕ್ಕದ ಮನೆಯ ರೇಯೆಸ್ ಎಂಬ ಫಿಲಿಪೀನೋ ಹಿರಿಯರು ನನ್ನ ಕೆನ್ನೆ ತಟ್ಟುತ್ತಿದ್ದರು. ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ನನ್ನ ಪಕ್ಕದಲ್ಲೇ ಅಕ್ಕ ಅಂಗಾತ ಮಲಗಿದ್ದರು, ಉಸಿರಾಡುತ್ತಿದ್ದರು. ಇಬ್ಬರೂ ಮನೆಯ ಮುಂದಿನ ಹುಲ್ಲಿನ ಮೇಲೆ ಒತ್ತಾಗಿ, ಯಾರೋ ಮಲಗಿಸಿದ ಹಾಗೆ ಇದ್ದೆವು.

ಆಂಬುಲೆನ್ಸು, ಅಗ್ನಿಶಾಮಕ ದಳ ಎರಡೂ ಬಂದವು. ಗ್ಯಾರೇಜಿನ ದೊಡ್ಡ ಬಾಗಿಲು ಮೊಣಕಾಲೆತ್ತರಕ್ಕೆ ಎದ್ದು ನಿಂತಿತ್ತು. ದಳದ ಮುಖ್ಯಸ್ಥ ಕೈಯಲ್ಲೊಂದು ಮೀಟರು ಹಿಡಿದು ಆ ಸಂದಿಯ ಬಳಿ ಹೋದ, ಅದು ಕಿರುಚತೊಡಗಿತು. ಹೊರಗಿನ ಗೋಡೆಯಲ್ಲಿದ್ದ ಗ್ಯಾಸಿನ ಕೀಲಿಯನ್ನು ಮುಚ್ಚಿಸಿ, ಮತ್ತೆ ಬಂದು, ಮಂಡಿಯೂರಿ ಒಳಗೆ ಟಾರ್ಚು ಬಿಟ್ಟ. ನಾನು ಆಮ್ಲಜನಕದ ಮಾಸ್ಕ್ ಹಾಕಿಕೊಂಡು ಹುಲ್ಲಿನ ಮೇಲೆ ಕೂತಿದ್ದೆ, ಆ ಸಂದಿ ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕಿತ್ತು. ಅವನು ಕಂಡದ್ದನ್ನು ನಾನೂ ಕಂಡೆ.

ಚಿತ್ರ ಇಡಿಯಾಗಿತ್ತು. ಆ ತುದಿಯಿಂದ ಈ ತುದಿಗೆ ಒಂದು ಹೆಜ್ಜೆ ಇಲ್ಲ, ಎಳೆದ ಗುರುತಿಲ್ಲ, ಒಂದು ಬೆರಳು ಸೋಕಿದ ಕಲೆಯೂ ಇಲ್ಲ. ಅದರಾಚೆ ಹಿಂಗೋಡೆಯ ಬುಡದಲ್ಲಿ ಜಮಖಾನೆ, ಅಕ್ಕ ಮಲಗಿದ್ದ ತಗ್ಗು. ಹಲಗೆ ನಾನು ಒರಗಿಸಿದ ಜಾಗದಲ್ಲೇ ಒರಗಿತ್ತು, ಪಕ್ಕದಲ್ಲಿ ಬಕೆಟ್ಟುಗಳು. ಪೆಟ್ಟಿಗೆಗಳ ಮೇಲಿದ್ದ ಹಣತೆಗಳ ಸಾಲು ಕದಲಿರಲಿಲ್ಲ.

ಅವನು ನನ್ನ ಕಡೆ ತಿರುಗಿ, ‘ನೀವು ಎಲ್ಲಿದ್ದಿರಿ?’ ಎಂದು ಕೇಳಿದ. ನಾನು ಹಿಂಗೋಡೆಯನ್ನು ತೋರಿಸಿದೆ. ‘ಹಾಗಾದರೆ ಈಚೆ ಹೇಗೆ ಬಂದಿರಿ?’ ಅವನು ಮತ್ತೊಮ್ಮೆ ಒಳಗೆ ನೋಡಿದ. ಆಮೇಲೆ, ‘ಐ ಆಮ್ ಸಾರಿ, ಮ್ಯಾಮ್,’ ಎಂದ. ನನಗಲ್ಲ, ಅಷ್ಟು ಹೊತ್ತಿಗೆ ಕಣ್ಣು ಬಿಟ್ಟಿದ್ದ ಅಕ್ಕನಿಗೆ. ವಿಷದ ಗಾಳಿ ಹೊರಗೆ ಹೋಗಬೇಕಿತ್ತು. ಅವರು ಬಾಗಿಲನ್ನು ಪೂರ್ತಿ ಮೇಲೆತ್ತಿದರು.

ಬಿಸಿಗಾಳಿ ಒಳಗೆ ನುಗ್ಗಿತು. ಮೊದಲು ದೇವತೆಯ ಬಿಳಿ ನಿಲುವಂಗಿ ಹೊಗೆಯ ಹಾಗೆ ಎದ್ದಿತು. ಅದರ ಕೆಳಗೆ ಅಕ್ಕ ಬರೆದಿದ್ದ ಕಾಲು ಕಂಡಿತು, ಮತ್ತೆ ಅದೂ ಹೋಯಿತು. ಈಟಿ, ಕೊಂಬು, ಹುಲ್ಲು, ಮಲಗಿದವನ ಮುಖ. ಎರಡು ನಿಮಿಷದಲ್ಲಿ ಎಲ್ಲ ಬಣ್ಣಗಳೂ ಬೆರೆತ ಒಂದು ಕಂದು ರಾಶಿ ಡ್ರೈಯರಿನ ಬುಡಕ್ಕೆ ಹೋಗಿ ಬಿತ್ತು. ಅಕ್ಕ ಮಾಸ್ಕಿನೊಳಗಿಂದ ನೋಡುತ್ತಿದ್ದರು. ಅಳಲಿಲ್ಲ. ನನಗೆ ಆಗ ಹೊಳೆಯಲಿಲ್ಲ, ಆಮೇಲೆ ಹೊಳೆಯಿತು: ಬಾಗಿಲು ಮೊಣಕಾಲೆತ್ತರ ತೆರೆದು ನಿಂತಿದ್ದ ಅಷ್ಟು ಹೊತ್ತೂ ಇದೇ ಗಾಳಿ ಬೀಸುತ್ತಿತ್ತಲ್ಲವೇ.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಗ್ಯಾಸ್ ಕಂಪನಿಯವನು ಬಂದು ಪರೀಕ್ಷೆ ಮಾಡಿ ಭಾವನಿಗೆ ಎಲ್ಲ ವಿವರಿಸಿದನಂತೆ. ಡ್ರೈಯರ್ ಒಳಗಿನ ಗಾಳಿಯನ್ನು ಎಳೆದು ಹೊರಗೆ ದಬ್ಬುತ್ತಲೇ ಇತ್ತು. ಒಳಗೆ ಗಾಳಿ ಬರಲು ನಾನು ದಾರಿ ಬಿಟ್ಟಿರಲಿಲ್ಲ. ಹಾಗಾಗಿ ವಾಟರ್ ಹೀಟರಿನ ಹೊಗೆ ಚಿಮಣಿಯಲ್ಲಿ ಮೇಲೆ ಹೋಗುವ ಬದಲು ಕೆಳಗಿಳಿದು ಒಳಗೇ ತುಂಬಿತು. ಅದರಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇನ್ನು ಕಾಲು ಗಂಟೆ ಇದ್ದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅದಕ್ಕೆ ಕಾರಣ ಸಿಕ್ಕಿತು. ಕಿಂಡಿ ಮುಚ್ಚಿದವಳು ನಾನು ಎಂದು ಅಕ್ಕನ ಕಾಲ ಬಳಿ ಕೂತು ಹೇಳಿ ಅತ್ತೆ.

‘ನೀನ ಮುಚ್ಚಿದಿ, ನಾನ ಶಾಬಾಸ್ ಅಂದೆ. ಸಾಕು ಬಿಡು,’ ಎಂದರು ಅಕ್ಕ. ‘ಕಡೀಕ ನನ್ನ ಎತಗೊಂಡು ಹೊರಗ ತಂದಾಕೀನೂ ನೀನ ಅಲ್ಲೇನು.’

‘ನನಗೆ ನೆನಪಿಲ್ಲ ಅಕ್ಕ.’

‘ನೆನಪಿಲ್ಲಂದ್ರ ಮಾಡಿಲ್ಲಂತ ಅರ್ಥ ಏನು? ಡಾಕ್ಟರ್ ಹೇಳಿದ್ರಲ್ಲ, ಮರ್ತ ಹೋಗ್ತದ ಅಂತ.’

ಡಾಕ್ಟರು ಹಾಗೆ ಹೇಳಿದ್ದು ನಿಜ. ಆ ಗಾಳಿ ಕುಡಿದವರು ಎದ್ದು ನಡೆದಾಡಿ, ಆಮೇಲೆ ಪೂರ್ತಿ ಮರೆಯುವುದುಂಟಂತೆ. ಅದನ್ನು ಒಪ್ಪುತ್ತೇನೆ. ನಾನು ಮರೆಯಬಹುದು. ಪುಡಿ ಮರೆಯುವುದು ಹೇಗೆ? ಅಲ್ಲಿ ಒಂದು ಇರುವೆ ನಡೆದರೂ ಗೆರೆ ಬೀಳುತ್ತಿತ್ತು. ನನ್ನ ಗಂಡ ಟೊರೆನ್ಸ್‌ನಲ್ಲಿ ಊಟದ ಮೇಜಿನ ಮೇಲೆ ಗ್ಯಾರೇಜಿನ ನಕ್ಷೆ ಬರೆದು ಒಂದು ವಾರ ತಲೆ ಕೆಡಿಸಿಕೊಂಡ. ಹಲಗೆ ಹಾಕಿಕೊಂಡು ಬಂದಿರಬೇಕು ಎಂದ. ಹಾಗಾದರೆ ಅದನ್ನು ಮತ್ತೆ ಆ ತುದಿಯ ಗೋಡೆಗೆ ಒರಗಿಸಿದ್ದು ಯಾರು? ಹೊರಗಿನಿಂದ ಯಾರೋ ಬಂದರು ಎಂದ. ಬಾಗಿಲಿನ ರಿಮೋಟು ಒಂದು ಭಾವನ ಕಾರಿನಲ್ಲಿ, ಲಾಸ್ ಏಂಜಲಿಸ್‌ನಲ್ಲಿತ್ತು. ಇನ್ನೊಂದು ಬೀಗ ಹಾಕಿದ ಅಕ್ಕನ ಕಾರಿನಲ್ಲಿ. ಒಳಗಿನ ಸ್ವಿಚ್ಚು ಚಿತ್ರದ ಈಚೆ ಬದಿಯಲ್ಲಿತ್ತು, ನಾವು ಆಚೆ ಬದಿಯಲ್ಲಿದ್ದೆವು. ಯಾರೋ ಬಂದರೆಂದೇ ಇಟ್ಟುಕೊಂಡರೂ, ಅವರೂ ಚಿತ್ರವನ್ನು ದಾಟಬೇಕಿತ್ತು, ಕಡಿಮೆಯೆಂದರೂ ಎರಡು ಸಲ. ಗಂಡ ಕೊನೆಗೆ ಕಾಗದ ಮಡಚಿ, ‘ಬದುಕಿದ್ದೀಯಲ್ಲ, ಬಿಡು,’ ಎಂದ.

ರೇಯೆಸ್ ಅವರಿಗೆ ಧನ್ಯವಾದ ಹೇಳಲು ಒಂದು ಡಬ್ಬಿ ಲಾಡು ತೆಗೆದುಕೊಂಡು ಹೋದೆ. ಆ ಹೊತ್ತಿಗೆ ಸರಿಯಾಗಿ ಹೊರಗೆ ಬಂದಿರಲ್ಲ, ಹೇಗೆ ಎಂದು ಕೇಳಿದೆ. ಹಾರ್ನ್ ಕೇಳಿಸಿತು ಎಂದರು. ಕಾರಿನದಲ್ಲ. ಹಡಗು ಬಂದರು ಬಿಟ್ಟು ಹೊರಡುವಾಗ ಒಂದೇ ಒಂದು ಉದ್ದನೆಯ ಕೂಗು ಹಾಕುತ್ತದೆ, ಅಂಥದು. ಬಂದರು ಅಲ್ಲಿಂದ ಹದಿನೈದು ಮೈಲಿ ದೂರ. ಅವರೂ ಅದನ್ನೇ ಯೋಚಿಸುತ್ತ ಅಂಗಳಕ್ಕೆ ಬಂದರಂತೆ. ‘ನಿಮ್ಮ ಗ್ಯಾರೇಜಿನಿಂದ ಬಂದ ಹಾಗಿತ್ತು. ನನ್ನ ವಯಸ್ಸಿಗೆ ಕಿವಿಯನ್ನು ನಂಬಬಾರದು,’ ಎಂದು ನಕ್ಕರು. ನಾವು ಏನು ಬರೆಯುತ್ತಿದ್ದೆವು ಎಂಬುದು ಅವರಿಗೆ ಗೊತ್ತಿರಲಿಲ್ಲ, ಶಂಖ ಎಂಬ ಮಾತನ್ನು ನಾನೂ ಎತ್ತಲಿಲ್ಲ. ಅಕ್ಕನ ಮನೆಯ ದೇವರ ಗೂಡಿನಲ್ಲಿ ಶಂಖವಿಲ್ಲ. ಇದ್ದರೂ ಊದುವವರು ಯಾರಿದ್ದರು?

ಚಿತ್ರ ನಮ್ಮ ಮನೆಯ ಗೋಡೆಯ ಮೇಲೆ ಈಗಲೂ ಇದೆ. ತೆಗೆದುಹಾಕು ಎಂದು ಒಂದಿಬ್ಬರು ಹೇಳಿದರು. ನನಗೆ ಅದರ ಮೇಲಿನ ಗೌರವ ಹೆಚ್ಚಿತೇ ಹೊರತು ಭಯವೆನಿಸಲಿಲ್ಲ. ಅಕ್ಕನೂ ರಂಗೋಲಿ ಬಿಡಲಿಲ್ಲ, ಬಾಗಿಲು ತೆರೆದಿಟ್ಟುಕೊಂಡೇ ಬರೆಯುತ್ತಾರೆ, ಗಾಳಿ ಕೊಂಡುಹೋದಷ್ಟು ಹೋಗಲಿ ಎನ್ನುತ್ತಾರೆ. ಪ್ರತಿ ದೀಪಾವಳಿಗೆ ನನಗೊಂದು ಸೀರೆ ಉಡಿಸಿ, ಬಂದವರಿಗೆಲ್ಲ ‘ನನ್ನ ಜೀವಾ ಉಳಿಸಿದಾಕಿ’ ಎಂದು ಪರಿಚಯ ಮಾಡಿಸುತ್ತಾರೆ. ಅಲ್ಲ ಎನ್ನಲು ಹೋದರೆ ಬಾಯಿ ಮುಚ್ಚಿಸುತ್ತಾರೆ. ಮಾಡದ ಉಪಕಾರಕ್ಕೆ, ಅದೂ ನಾನೇ ತಂದ ಅಪಾಯದಲ್ಲಿ, ಕೈ ಚಾಚಿ ಸೀರೆ ತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಲಾರೆ.

ಹೀಗೇ ಐದಾರು ವರ್ಷ ನಡೆಯಿತು. 2018ರ ದೀಪಾವಳಿಯಲ್ಲಿ, ಊಟವಾದ ಮೇಲೆ, ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಗಂಡ ಹೆಂಡತಿಗೆ ಅಕ್ಕ ಮತ್ತೆ ಅದೇ ಕತೆ ಹೇಳಿದರು. ಆ ಹುಡುಗಿ ನನ್ನನ್ನೂ ಅಕ್ಕನನ್ನೂ ಒಮ್ಮೆ ಅಳೆದು ನೋಡಿ, ‘ನಿಜವಾಗ್ಲೂ ಇವ್ರು ನಿಮ್ಮನ್ನ ಎತ್ತಿದ್ರಾ ಆಂಟಿ?’ ಎಂದಳು.

‘ನಾ ಮದುವಿ ಆದಾಗಿಂದ ಪ್ರಯತ್ನ ಮಾಡ್ಲಿಕತ್ತೀನಿ, ನನಗ ಆಗಿಲ್ಲ,’ ಎಂದರು ಭಾವ. ಎಲ್ಲರೂ ನಕ್ಕರು.

‘ನಿಮಗ ಇಚ್ಛಾ ಇಲ್ಲ, ಆಕಿಗಿತ್ತು,’ ಎಂದರು ಅಕ್ಕ. ಅವರಿಗೆ ಹುರುಪು ಬಂದಿತ್ತು. ನೆಲದ ಮೇಲೆ ಅಂಗಾತ ಮಲಗಿಯೇಬಿಟ್ಟರು. ‘ಬಾ ಇಲ್ಲೆ ತಂಗಿ, ಒಮ್ಮೆ ಎತ್ತಿ ತೋರಸು ಇವರಿಗೆ. ಬಾಯಿ ಮುಚ್ಚಲಿ.’

ಬೇಡ ಅಕ್ಕ ಎಂದೆ, ಕೇಳಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು, ಮಂಡಿಯೂರಿ, ಅವರ ಬಗಲಿಗೆ ಎರಡೂ ಕೈ ಹಾಕಿದೆ. ನಿಜವಾಗಿಯೂ ಪ್ರಯತ್ನಿಸಿದೆ. ಆಗುವುದಾದರೆ ಆಗಲಿ, ಆಗಿಬಿಡಲಿ, ನಾನೇ ಎತ್ತಿದ್ದೆ ಎಂದು ನನಗೂ ಸಮಾಧಾನವಾಗಲಿ ಎಂದು ಮೈಯ ಶಕ್ತಿಯನ್ನೆಲ್ಲ ಕೂಡಿಸಿ ಎತ್ತಿದೆ. ಅವರ ಭುಜ ನೆಲದಿಂದ ಒಂದು ಬೆರಳಿನಷ್ಟು ಎದ್ದಿತು. ಸೊಂಟ ಕದಲಲಿಲ್ಲ. ಇನ್ನೊಮ್ಮೆ ಎತ್ತಿದೆ. ಅವರ ಪಕ್ಕದಲ್ಲೇ ಕುಸಿದು ಕೂತೆ.

ಕೋಣೆಯ ತುಂಬ ನಗು. ಅನನ್ಯಾ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಅಕ್ಕನೂ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ನಗುತ್ತ ನಗುತ್ತ ನನ್ನ ಮುಖ ನೋಡಿದರು, ಅವರ ನಗು ನಿಂತಿತು. ಇಷ್ಟು ವರ್ಷ ನಾನು ಹೇಳಲು ಪ್ರಯತ್ನಿಸಿದ್ದು ಆಗ ಅವರಿಗೆ ತಲುಪಿತು ಎಂದು ತೋರುತ್ತದೆ. ಮಲಗಿದಲ್ಲಿಂದಲೇ ನನ್ನ ಮುಂಗೈ ಹಿಡಿದುಕೊಂಡು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ‘ಹಂಗಾದ್ರ ಯಾರವಾ?’ ಎಂದರು.

ನಾನು ಅವರ ಕೈಯನ್ನು ಹಿಡಿದುಕೊಂಡೇ ಕೂತಿದ್ದೆ.